ಮರಳಿ ಬಂದ ಸಿಪಾಯಿಯ ಅಂಗೈ

ಕನ್ನಡದ ‘ಮರಳು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಹಿಂದಿರುಗುವುದು ಒಂದು, ಹೊಳೆದಂಡೆಯ ಮರಳು ಇನ್ನೊಂದು. ಅದರ ನಡುವಣ ಅಕ್ಷರಕ್ಕೆ ಒಂದು ಕೊಂಬು ಸೇರಿದರೆ ‘ಮರುಳು’ ಆಗುತ್ತದೆ. ಅದು ಭ್ರಮೆ, ತನ್ನನ್ನು ತಾನು ಅರಿಯದ ಸ್ಥಿತಿ. ನಿಘಂಟುಕಾರರಿಗೆ ಇದು ಬರಿಯ ಶಬ್ದಸಾಮ್ಯ. ಯುದ್ಧಭೂಮಿಯಿಂದ ಮನೆಗೆ ಬಂದ ಸಿಪಾಯಿಯ ಹೆಂಡತಿಗೆ ಇದು ನಿತ್ಯದ ಅನುಭವ.

ನಮ್ಮ ಜನ ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಸಂತೆಗೆ ಹೋಗುವವನೂ ಹಾಗೆಯೇ ಹೇಳುತ್ತಾನೆ, ಸೈನ್ಯಕ್ಕೆ ಹೋಗುವವನೂ ಹಾಗೆಯೇ ಹೇಳುತ್ತಾನೆ. ಸಂತೆಗೆ ಹೋದವನು ಸಂಜೆಗೆ ಅದೇ ಮನುಷ್ಯನಾಗಿ ಬರುತ್ತಾನೆ. ಸೈನ್ಯಕ್ಕೆ ಹೋದವನ ವಿಷಯದಲ್ಲಿ, ಬಂದವನು ಯಾರು ಎಂಬ ಪ್ರಶ್ನೆಯನ್ನು ಹೊಸ್ತಿಲಲ್ಲಿ ಯಾರೂ ಕೇಳುವುದಿಲ್ಲ. ಕಾಲಿಗೆ ನೀರು ಕೊಟ್ಟು ಒಳಗೆ ಕರೆದುಕೊಂಡರೆ ಬರುವಿಕೆ ಮುಗಿಯಿತೆಂದೇ ಎಲ್ಲರ ತಿಳಿವಳಿಕೆ. ಮೈಸೂರಿನ ಒಂದು ಮನೆಯಲ್ಲಿ ಆ ಬರುವಿಕೆಗೆ ಎಷ್ಟು ವರ್ಷಗಳು ಹಿಡಿದವು, ಅದಕ್ಕೆ ಒಂದು ಕನ್ನಡ ಚಲನಚಿತ್ರ ಹೇಗೆ ನೆಪವಾಯಿತು ಎಂಬುದು ಇಲ್ಲಿನ ವಿಷಯ. ಆ ಮನೆಯವರ ಹೆಸರು ಬೇಡ. ಕೇರಿಯ ಜನ ಆ ಹಿರಿಯರನ್ನು ‘ಮಿಲಿಟರಿಯವರು’ ಎಂದೇ ಕರೆಯುತ್ತಾರೆ. ಇಲ್ಲಿ ಹವಾಲ್ದಾರರು ಎಂದರೆ ಸಾಕು.

2009ರ ಡಿಸೆಂಬರ್ 30ರಂದು ನಟ ವಿಷ್ಣುವರ್ಧನ್ ಮೈಸೂರಿನಲ್ಲಿ ಕೊನೆಯುಸಿರೆಳೆದರು. 1950ರಲ್ಲಿ ತಾವು ಹುಟ್ಟಿದ ಊರಿನಲ್ಲಿಯೇ ದೇಹವನ್ನು ಬಿಟ್ಟರು. ಊರಿಗೆ ಊರೇ ತನ್ನ ಮನೆಯ ಮಗನನ್ನು ಕಳೆದುಕೊಂಡಂತೆ ಮಂಕಾಯಿತು. ಟಿ.ವಿ. ವಾಹಿನಿಗಳು ಅವರ ಚಿತ್ರಗಳನ್ನು ಒಂದರ ಹಿಂದೆ ಒಂದರಂತೆ ತೋರಿಸತೊಡಗಿದವು. ಅಂಥ ಒಂದು ಮಧ್ಯಾಹ್ನ ಹವಾಲ್ದಾರರ ಮನೆಯ ನಡುಮನೆಯಲ್ಲಿ ಅವರೆಕಾಯಿಯ ರಾಶಿ ಹರಡಿಕೊಂಡಿತ್ತು. ಸೊಗಡಿನ ಕಾಲ, ಪತ್ನಿ, ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದ ಮಗಳು, ಹವಾಲ್ದಾರರು ಮೂವರೂ ಕೂತು ಕಾಯಿ ಸುಲಿಯುತ್ತಿದ್ದರು. ವಾಹಿನಿಯಲ್ಲಿ ‘ಮುತ್ತಿನ ಹಾರ’ ಆರಂಭವಾಯಿತು. ಪತ್ನಿಯ ಕೈ ನಿಂತಿತು. ಆಕೆ ರಿಮೋಟ್ ಹುಡುಕಿದರು.

“ಇರಲಿ ಬಿಡು” ಎಂದರು ಹವಾಲ್ದಾರರು.

ಆ ಎರಡು ಮಾತಿನ ಬೆಲೆ ಮಗಳಿಗೆ ಆಗ ತಿಳಿಯಲಿಲ್ಲ. ಪತ್ನಿಗೆ ತಿಳಿಯಿತು.

‘ಮುತ್ತಿನ ಹಾರ’ ತೆರೆಕಂಡದ್ದು 1990ರಲ್ಲಿ. ನಿರ್ದೇಶಕ ಎಸ್.ವಿ. ರಾಜೇಂದ್ರಸಿಂಗ್ ಬಾಬು ಅವರೂ ಮೈಸೂರಿನವರೇ, ಮಹಾತ್ಮ ಪಿಕ್ಚರ್ಸ್‌ನ ಡಿ. ಶಂಕರ್ ಸಿಂಗ್ ಅವರ ಪುತ್ರ. ಕೊಡಗಿನ ಸಿಪಾಯಿ ಅಚ್ಚಪ್ಪನ ಪಾತ್ರದಲ್ಲಿ ವಿಷ್ಣುವರ್ಧನ್, ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿ. ಸಾಹಿತ್ಯ, ಸಂಗೀತ ಹಂಸಲೇಖ ಅವರದು. ಸಂಗೀತ ವಿದ್ವಾಂಸ ಎಂ. ಬಾಲಮುರಳಿಕೃಷ್ಣ ಅವರ ಕಂಠವೂ ಅದರಲ್ಲಿದೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಸಂದಿತು. ಸಿಪಾಯಿಯ ಕಥೆಯನ್ನು ಶೌರ್ಯದ ಕಥೆಯಾಗಿ ಹೇಳುವುದು ಸುಲಭ. ಈ ಚಿತ್ರ ಅದನ್ನು ಒಂದು ದಾಂಪತ್ಯದ ಕಥೆಯಾಗಿ ಹೇಳಿತು. ಯುದ್ಧವೆಂಬುದು ಗಡಿಯಲ್ಲಿ ನಡೆದು ಗಡಿಯಲ್ಲೇ ಮುಗಿಯುವ ವ್ಯವಹಾರವಲ್ಲ, ಅದು ಮತ್ತೆ ಮತ್ತೆ ಮನೆಯ ಬಾಗಿಲು ತಟ್ಟುವ ಸಾಲಗಾರನಂತೆ ಎಂಬುದನ್ನು ಕನ್ನಡದ ಪ್ರೇಕ್ಷಕರು ಅಷ್ಟು ನೇರವಾಗಿ ಅದಕ್ಕೆ ಮೊದಲು ಕಂಡಿರಲಿಲ್ಲ. ಹಾಡುಗಳು ಕೆಲವೆಡೆ ಕಥೆಗಿಂತ ಮುಂದೆ ಓಡುತ್ತವೆ, ಕಣ್ಣೀರನ್ನು ಸ್ವಲ್ಪ ಒತ್ತಾಯದಿಂದಲೇ ಪಡೆಯಲಾಗುತ್ತದೆ ಎಂಬ ಆಕ್ಷೇಪಕ್ಕೆ ಎಡೆಯಿದೆ. ಆದರೆ ಸಿಪಾಯಿಯನ್ನು ಸ್ಮಾರಕದ ಮೇಲಿಂದ ಇಳಿಸಿ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿದ್ದು ಸಣ್ಣ ಕೆಲಸವಲ್ಲ.

ಅದೇ 1990ರ ಮಾರ್ಚ್ 24ರಂದು ಭಾರತೀಯ ಶಾಂತಿಪಾಲನಾ ಪಡೆಯ ಕೊನೆಯ ತುಕಡಿ ಶ್ರೀಲಂಕಾದ ತ್ರಿಂಕೋಮಲಿಯಿಂದ ಹಡಗು ಹತ್ತಿತು. 1987ರ ಜುಲೈ 29ರಂದು ಕೊಲಂಬೊದಲ್ಲಿ ಸಹಿಯಾದ ಒಪ್ಪಂದದ ಫಲವಾಗಿ ಹೋದ ಪಡೆ ಅದು. ಇಬ್ಬರ ಜಗಳ ಬಿಡಿಸಲೆಂದು ಹೋದವರು ಅಕ್ಟೋಬರ್ ಹೊತ್ತಿಗೆ ತಾವೇ ಯುದ್ಧದಲ್ಲಿ ಸಿಲುಕಿದ್ದರು. ಎರಡೂವರೆ ವರ್ಷಗಳಲ್ಲಿ ಸುಮಾರು 1,200 ಯೋಧರು ಅಲ್ಲಿ ಪ್ರಾಣ ತೆತ್ತರು. ಉಳಿದವರನ್ನು ಹೊತ್ತ ಹಡಗುಗಳು ಮದ್ರಾಸ್ ಬಂದರಿಗೆ ಬಂದಾಗ ಆ ರಾಜ್ಯದ ಮುಖ್ಯಮಂತ್ರಿಗಳು ಸ್ವಾಗತಕ್ಕೆ ಹೋಗಲಿಲ್ಲ. ತಮ್ಮ ಭಾಷೆಯ ಜನರ ಮೇಲೆ ಗುಂಡು ಹಾರಿಸಿದ ಸೈನ್ಯವನ್ನು ಹೇಗೆ ಸ್ವಾಗತಿಸಲಿ ಎಂಬುದು ಅವರ ನಿಲುವು. ಅದರ ಸರಿತಪ್ಪುಗಳ ಜಿಜ್ಞಾಸೆ ಇಲ್ಲಿ ಅನಗತ್ಯ. ಹಡಗಿನಿಂದ ಇಳಿದವನಿಗೆ ಆ ಜಿಜ್ಞಾಸೆ ಗೊತ್ತಿರಲಿಲ್ಲ ಎಂಬುದಷ್ಟೇ ಪ್ರಸ್ತುತ.

ಹಾಗೆ ಇಳಿದವರಲ್ಲಿ ಹವಾಲ್ದಾರರೂ ಒಬ್ಬರು. ಆಗ ಅವರಿನ್ನೂ ನಾಯಕ್. ನಂಜನಗೂಡು ತಾಲ್ಲೂಕಿನ ಒಕ್ಕಲು ಮನೆತನದಿಂದ ಹೋಗಿ ಬೆಂಗಳೂರಿನ ಹಲಸೂರು ಕೆರೆಯ ದಂಡೆಯ ಮದ್ರಾಸ್ ಇಂಜಿನಿಯರ್ ಗ್ರೂಪ್ ಸೇರಿದ್ದವರು. ಸೇತುವೆ ಕಟ್ಟುವುದು, ದಾರಿ ಮಾಡುವುದು, ಹುಗಿದ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವುದು ಆ ದಳದ ಕಾಯಕ. ಕನ್ನಡಿಗನಿರಲಿ, ತೆಲುಗನಿರಲಿ, ಮಲೆಯಾಳಿಯಿರಲಿ, ಆ ದಳದ ಯೋಧರಿಗೆಲ್ಲ ‘ತಂಬಿ’ ಎಂದೇ ಹೆಸರು. ತಮಿಳಿನಲ್ಲಿ ತಮ್ಮ ಎಂದರ್ಥ. ಎದುರಾಳಿ ಪಡೆಯ ನಾಯಕನನ್ನೂ ಅವನ ಹಿರಿಯ ಸಂಗಡಿಗರು ‘ತಂಬಿ’ ಎಂದೇ ಕರೆಯುತ್ತಿದ್ದರಂತೆ.

ಮದ್ರಾಸಿನಿಂದ ರೈಲು, ಬೆಂಗಳೂರಿನಿಂದ ಇನ್ನೊಂದು ರೈಲು, ಮೈಸೂರಿನಿಂದ ಬಸ್ಸು. ಕಬ್ಬಿಣದ ಟ್ರಂಕು ಹೆಗಲ ಮೇಲೆ. ಊರ ಬಾಗಿಲಲ್ಲಿ ಅರಳಿಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೇಳಿದ ಮೊದಲ ಪ್ರಶ್ನೆ: “ಏನಪ್ಪಾ, ಅಶೋಕವನ ನೋಡ್ಕಂಡ್ ಬಂದ್ಯಾ?” ಇನ್ನೊಬ್ಬರು ರೇಡಿಯೊ ಸಿಲೋನ್ ಇರುವ ಕಟ್ಟಡ ಹೇಗಿದೆ ಎಂದು ವಿಚಾರಿಸಿದರು. ಟ್ರಂಕಿನಲ್ಲಿ ಫಾರಿನ್ ಟೇಪ್‌ರೆಕಾರ್ಡರ್ ಇದೆಯೇ ಎಂದು ಹುಡುಗರು ಇಣುಕಿದರು. ಯಾರ ಪ್ರಶ್ನೆಯಲ್ಲಿಯೂ ಕುಹಕವಿರಲಿಲ್ಲ. ಲಂಕೆಯೆಂದರೆ ಆ ಊರಿಗೆ ಅಷ್ಟೇ. ಆತ ಎಲ್ಲರಿಗೂ ನಕ್ಕು ಉತ್ತರಿಸಿದರು. ತಾಯಿ ಮಾತ್ರ ಏನನ್ನೂ ಕೇಳದೆ ಚೆಂಬಿನಲ್ಲಿ ನೀರು ತಂದು ಕಾಲಿಗೆ ಹೊಯ್ದು, “ಒಳಿಕ್ ಬಾ ಮಗಾ, ಉಂಡ್ಕೊ” ಎಂದರು.

ಮುಂದಿನ ರಜೆಗೆ ಬಂದಾಗ ಬಾವಮೈದುನ ಉತ್ಸಾಹದಿಂದ ‘ಮುತ್ತಿನ ಹಾರ’ಕ್ಕೆ ಕರೆದುಕೊಂಡು ಹೋದ. ಸಿಪಾಯಿಯ ಚಿತ್ರವಲ್ಲವೇ, ಭಾವನವರಿಗೆ ಇಷ್ಟವಾಗುತ್ತದೆ ಎಂಬ ಲೆಕ್ಕ. ಮದುವೆಯಾಗಿ ಕೆಲವು ವರ್ಷವಾಗಿದ್ದರೂ ಗಂಡಹೆಂಡಿರು ಒಟ್ಟಿಗೆ ನೋಡಿದ ಚಿತ್ರಗಳು ಬೆರಳೆಣಿಕೆಯಷ್ಟು. ಬಾಂಬು ಸಿಡಿಯುವ ದೃಶ್ಯಗಳಲ್ಲಿ ಆತ ಕಲ್ಲಿನಂತೆ ಕೂತಿದ್ದರು. ಮಡಿಕೇರಿಯ ಸಿಪಾಯಿಯನ್ನು ಕೊಂಡಾಡುವ ಸಂಭ್ರಮದ ಹಾಡು ಬಂತು. ಥಿಯೇಟರಿನ ತುಂಬ ಶಿಳ್ಳೆ, ಚಪ್ಪಾಳೆ. ಬಾವಮೈದುನ ಪಕ್ಕಕ್ಕೆ ತಿರುಗಿ ನೋಡಿದರೆ ಕುರ್ಚಿ ಖಾಲಿ. ಪತ್ನಿ ಹೊರಗೆ ಬಂದು ಹುಡುಕಿದಾಗ ಸೈಕಲ್ ಸ್ಟ್ಯಾಂಡಿನ ತಗಡಿನ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದರು. ತಲೆನೋವು ಎಂದರು. ಆಮೇಲೆ ಹತ್ತೊಂಬತ್ತು ವರ್ಷ ಅವರು ಯಾವ ಚಿತ್ರಮಂದಿರದ ಮೆಟ್ಟಿಲನ್ನೂ ಹತ್ತಲಿಲ್ಲ.

ಯುದ್ಧ ಮನೆಯೊಳಗೆ ಹೊಕ್ಕಿರುವ ಕುರುಹು ದೊಡ್ಡ ಸಂಗತಿಗಳಲ್ಲಿ ಕಾಣಿಸುವುದಿಲ್ಲ. ಹವಾಲ್ದಾರರು ಕುಡಿಯಲಿಲ್ಲ, ಹೆಂಡತಿಯ ಮೇಲೆ ಕೈಯೆತ್ತಲಿಲ್ಲ, ದುಡಿದ ಹಣ ಹಾಳುಮಾಡಲಿಲ್ಲ. ರಾತ್ರಿ ಚಿಲಕ ಹಾಕಿದೆಯೇ ಎಂದು ಮೂರು ಸಲ ನೋಡುವರು, ಗ್ಯಾಸಿನ ತಿರುಪನ್ನು ಮೂರು ಸಲ ಮುಟ್ಟುವರು. ಆದರೆ ಒಕ್ಕಲಿನ ಮನೆಯ ಮಗ ಉತ್ತ ಹೊಲಕ್ಕೆ ಕಾಲಿಡಲಾರದವನಾದ. ಅಣ್ಣ ನೇಗಿಲು ಹೂಡಿದ ದಿನ ಬದುವಿನ ಮೇಲೆಯೇ ನಿಂತು ಬುತ್ತಿಯನ್ನು ಕೈಗೆ ಕೊಟ್ಟು ಹಿಂದಿರುಗುತ್ತಿದ್ದರು. ಹೊಸದಾಗಿ ಕೆದಕಿದ ಮಣ್ಣನ್ನು ಕಂಡರೆ ಪಾದ ಮುಂದೆ ಹೋಗದು. ನಿವೃತ್ತಿಯ ನಂತರ ಪಾಲಿಗೆ ಬಂದ ಎರಡು ಎಕರೆಯನ್ನು ಅಣ್ಣನಿಗೇ ಬಿಟ್ಟು ಮೈಸೂರಿಗೆ ಬಂದು ಬ್ಯಾಂಕಿನ ಕಾವಲುಗಾರರಾದಾಗ ನೆಂಟರು, ಮಿಲಿಟರಿಗೆ ಹೋಗಿ ಬಂದವನಿಗೆ ಮಣ್ಣು ಮುಟ್ಟಲು ನಾಚಿಕೆ ಎಂದು ಆಡಿಕೊಂಡರು. ಆತ ಮೈಸೂರನ್ನು ಆರಿಸಿಕೊಂಡದ್ದು ಡಾಂಬರು ರಸ್ತೆಗಾಗಿ. ಆ ಡಾಂಬರನ್ನೂ ದಸರೆಗೆ ಮುಂಚೆ ಅಲ್ಲಲ್ಲಿ ಅಗೆಯುತ್ತಾರೆ. ಆಗೆಲ್ಲ ಅವರು ಕೆಲಸಕ್ಕೆ ಹೋಗುವ ದಾರಿ ಒಂದೂವರೆ ಮೈಲಿ ಉದ್ದವಾಗುತ್ತಿತ್ತು.

ದಸರೆಯ ಮಾತು ಬಂದದ್ದರಿಂದ ಕುಶಾಲತೋಪಿನ ವಿಷಯವನ್ನೂ ಹೇಳಬೇಕು. ಜಂಬೂಸವಾರಿಯ ದಿನ ಅಂಬಾರಿಗೆ ಪುಷ್ಪಾರ್ಚನೆಯಾಗುವಾಗ 21 ಸುತ್ತು ಕುಶಾಲತೋಪು ಹಾರಿಸುವುದು ವಾಡಿಕೆ. ಆ ಸದ್ದಿಗೆ ಆನೆಗಳೂ ಕುದುರೆಗಳೂ ಬೆಚ್ಚಿ ಜನರ ಮೇಲೆ ನುಗ್ಗಬಾರದಲ್ಲ. ಅದಕ್ಕಾಗಿ ಕೆಲವು ವಾರ ಮೊದಲೇ ಅವುಗಳನ್ನು ಸಾಲಾಗಿ ನಿಲ್ಲಿಸಿ ಫಿರಂಗಿಯ ತಾಲೀಮು ನಡೆಸುತ್ತಾರೆ. ಮಾವುತ, ಕಾವಾಡಿಗರು ಕಿವಿಯ ಬಳಿ ನಿಂತು ಸಮಾಧಾನ ಹೇಳುತ್ತಾರೆ. ಮೊದಲ ದಿನ ಹೊಸ ಆನೆ ಬೆದರುತ್ತದೆ, ಹಿಂದಕ್ಕೆ ಸರಿಯುತ್ತದೆ. ಎರಡು ಮೂರು ತಾಲೀಮು ಕಳೆಯುವಷ್ಟರಲ್ಲಿ ಒಗ್ಗಿಕೊಳ್ಳುತ್ತದೆ. ಪತ್ರಿಕೆಗಳು ಅದರ ಚಿತ್ರ ಹಾಕುತ್ತವೆ. ತಾಲೀಮಿನ ದಿನಾಂಕವನ್ನು ಪತ್ರಿಕೆಯಲ್ಲಿ ನೋಡಿಟ್ಟುಕೊಂಡು ಹವಾಲ್ದಾರರ ಪತ್ನಿ ಪ್ರತಿವರ್ಷ ಆ ದಿನಗಳಿಗೆ ಸರಿಯಾಗಿ ತವರಿಗೆ ಹೋಗುವ ಒಂದು ಕಾರಣ ಹುಡುಕುತ್ತಿದ್ದರು. “ನೀವೂ ಬನ್ರೀ, ಒಬ್ಳೇ ಹೇಗೆ ಹೋಗ್ಲಿ” ಎನ್ನುವರು. ಆತ ಹೊರಡುವರು. ಯಾಕೆ ಹೋಗುತ್ತಿದ್ದೇವೆಂದು ಇಬ್ಬರಿಗೂ ಗೊತ್ತು. ಇಬ್ಬರೂ ಬಾಯಿಬಿಟ್ಟು ಆಡಿದ್ದಿಲ್ಲ. ಮೈಸೂರಿನಲ್ಲಿದ್ದೂ ಆ ಮನೆಯ ಮಗು ಫಿರಂಗಿಯ ತಾಲೀಮನ್ನು ಕಂಡದ್ದು ಕಾಲೇಜಿಗೆ ಬಂದ ಮೇಲೆಯೇ.

ಎಲ್ಲಕ್ಕಿಂತ ಪತ್ನಿಯನ್ನು ನೋಯಿಸಿದ ಸಂಗತಿ ಬೇರೆ. ಹವಾಲ್ದಾರರು ಲಂಕೆಗೆ ಹೋಗುವ ಮೊದಲು ನಿಷ್ಠೆಯ ಲಿಂಗಪೂಜಕರು. ಬಂಕರಿನಲ್ಲಿಯೂ ವಿಭೂತಿ ಬಿಡದವರು. ಸಮವಸ್ತ್ರದ ಒಳಗೆ ಶಿವದಾರವಿತ್ತು. ಮರಳಿದ ಮೇಲೆ ಶಿವದಾರ ಕೊರಳಲ್ಲಿಯೇ ಉಳಿಯಿತು, ಕರಡಿಗೆ ತೆರೆಯಲಿಲ್ಲ. ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿರಿಸಿಕೊಳ್ಳಲು ಅವರು ಒಪ್ಪಲಿಲ್ಲ. ಬೆಳಿಗ್ಗೆ ಸ್ನಾನವಾಗುತ್ತದೆ, ಪತ್ನಿ ಪೂಜೆಗೆ ಕೂರುತ್ತಾರೆ. ಆತ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಪೂಜೆ ಮುಗಿದ ಮೇಲೆ ಕರುಣೋದಕ ಪಡೆದು ಹೋಗುವರು. ಮನೆಗೆ ಬಂದ ಜಂಗಮರೊಬ್ಬರು ಕಾರಣ ಕೇಳಿದಾಗ, ಕೈ ನಡುಗುತ್ತದೆ ಬುದ್ಧಿ ಎಂದಷ್ಟೇ ಹೇಳಿದರು. ಕೈ ನಡುಗುತ್ತಿರಲಿಲ್ಲ. ಅದು ಪತ್ನಿಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ಅವರೇ.

ಈ ಅವಸ್ಥೆಗೆ ವೈದ್ಯಶಾಸ್ತ್ರ ಕಾಲಕಾಲಕ್ಕೆ ಹೆಸರಿಟ್ಟಿದೆ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯ ‘ಶೆಲ್ ಶಾಕ್’ ಎಂಬ ಪದವನ್ನು ವೈದ್ಯಪತ್ರಿಕೆಯಲ್ಲಿ ಬಳಸಿದ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಗೋಳನ್ನು ಕಂಡ ಮೇಲೆ, 1980ರಲ್ಲಿ, ಅಮೆರಿಕದ ಮನೋವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ ಎಂದು ತಮ್ಮ ಕೈಪಿಡಿಯಲ್ಲಿ ಸೇರಿಸಿದರು. ಹಳ್ಳಿಯಲ್ಲಿ ಇದಕ್ಕೆ ಗಾಳಿ ಸೋಕಿದೆ ಎನ್ನುವರು. ಹೆಸರು ಯಾವುದಾದರೂ ಮನೆಯ ಹೆಂಗಸು ಮಾಡಬೇಕಾದ ಕೆಲಸ ಒಂದೇ. ರಾತ್ರಿ ಎಚ್ಚರವಿರುವುದು.

ಆ ರಾತ್ರಿಗಳನ್ನು ತೆರೆಯ ಮೇಲೆ ಅತ್ಯಂತ ಸತ್ಯವಾಗಿ ತೋರಿಸಿದ ಚಿತ್ರ ಬಂದದ್ದು ಅಮೆರಿಕದಲ್ಲಿ, 1946ರಲ್ಲಿ. ವಿಲಿಯಂ ವೈಲರ್ ನಿರ್ದೇಶಿಸಿದ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’. ಎರಡನೆಯ ಮಹಾಯುದ್ಧ ಮುಗಿದು ಒಂದೇ ಊರಿಗೆ ಮರಳುವ ಮೂವರ ಕಥೆ ಅದು. ಒಬ್ಬ ಬ್ಯಾಂಕಿನ ಅಧಿಕಾರಿ, ಒಬ್ಬ ಸೋಡಾ ಅಂಗಡಿಯ ನೌಕರ, ಒಬ್ಬ ಎರಡೂ ಕೈ ಕಳೆದುಕೊಂಡ ನಾವಿಕ. ಯುದ್ಧದ ಒಂದು ದೃಶ್ಯವೂ ಅದರಲ್ಲಿಲ್ಲ. ಕೈಯಿಲ್ಲದ ನಾವಿಕನ ಪಾತ್ರ ವಹಿಸಿದ ಹೆರಾಲ್ಡ್ ರಸೆಲ್ ನಟನಲ್ಲ, ನಿಜವಾಗಿಯೂ ಕೈ ಕಳೆದುಕೊಂಡಿದ್ದ ಸೈನಿಕ. ಅದೂ ರಣರಂಗದಲ್ಲಲ್ಲ. 1944ರ ಜೂನ್ 6, ಮಿತ್ರಪಡೆಗಳು ನಾರ್ಮಂಡಿಯ ತೀರದಲ್ಲಿ ಇಳಿದ ದಿನ. ಇಡೀ ಜಗತ್ತು ನೆನಪಿಡುವ ಆ ದಿನದಂದೇ ಅಮೆರಿಕದ ಒಂದು ತರಬೇತಿ ಶಿಬಿರದಲ್ಲಿ ಸ್ಫೋಟಕ ಸಿಡಿದು ಆತನ ಎರಡೂ ಕೈಗಳು ಹೋದವು. ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದ ಏಕೈಕ ವ್ಯಕ್ತಿ ಆತ. ಅವುಗಳಲ್ಲಿ ಒಂದನ್ನು 1992ರಲ್ಲಿ ಪತ್ನಿಯ ಚಿಕಿತ್ಸೆಗೆಂದು ಮಾರಿದ.

ಚಿತ್ರದ ಒಂದು ರಾತ್ರಿಯನ್ನು ಕಂಡವರು ಮರೆಯಲಾರರು. ತನ್ನನ್ನು ಮದುವೆಯಾಗಬಯಸುವ ನೆರೆಮನೆಯ ಹುಡುಗಿಯನ್ನು ಆ ನಾವಿಕ ತನ್ನ ಕೋಣೆಗೆ ಕರೆದು, ಕಬ್ಬಿಣದ ಕೊಕ್ಕೆಗಳನ್ನು ಪಟ್ಟಿಸಹಿತ ಕಳಚಿ ತೋರಿಸುತ್ತಾನೆ. ಇವಿಲ್ಲದೆ ಬಾಗಿಲು ಮುಚ್ಚಿಕೊಂಡರೆ ತಾನು ತೆರೆಯಲಾರೆನೆಂದು ತಿಳಿಸುತ್ತಾನೆ. ನೋಡಿದ ಮೇಲೆ ಹೋಗುವುದಾದರೆ ಹೋಗಲಿ ಎಂಬುದು ಅವನ ಭಾವ. ಆಕೆ ಅಳುವುದಿಲ್ಲ, ಭಾಷಣ ಮಾಡುವುದಿಲ್ಲ. ಅಂಗಿಯ ಗುಂಡಿ ಹಾಕಿ, ಹೊದಿಕೆ ಸರಿಪಡಿಸುತ್ತಾಳೆ. ಚಿತ್ರದ ಕೊನೆ ಮದುವೆಯಲ್ಲಿ ಮುಗಿಯುವುದು ಸ್ವಲ್ಪ ಸುಲಭದ ದಾರಿ ಎನಿಸಿದರೂ ಆ ರಾತ್ರಿ ಸುಳ್ಳಲ್ಲ. ಕೊಕ್ಕೆಯಾದರೂ ಕಣ್ಣಿಗೆ ಕಾಣುತ್ತದೆ, ಕಳಚಿ ತೋರಿಸಬಹುದು. ಕೈ ಕಾಲು ನೆಟ್ಟಗಿದ್ದು ಮರಳಿದವನು ಏನನ್ನು ಕಳಚಿ ತೋರಿಸಬೇಕು?

ಅವರೆಕಾಯಿಯ ಆ ಮಧ್ಯಾಹ್ನಕ್ಕೆ ಮರಳೋಣ. ಸಂಭ್ರಮದ ಹಾಡು ಬಂತು. ಮಗಳು ಸಿಪ್ಪೆ ಬಿಸಾಡುತ್ತ ಸಹಜವಾಗಿ ಕೇಳಿದಳು: “ಅಪ್ಪಾಜಿ, ನೀವು ಲಂಕೆಯಿಂದ ಬಂದಾಗ್ಲೂ ಊರಲ್ಲಿ ಹೀಗೇ ಕರ್ಕೊಂಡ್ರಾ?”

ಹವಾಲ್ದಾರರು ನಕ್ಕರು. ಅಶೋಕವನದ ಪ್ರಶ್ನೆಯ ಕಥೆ ಹೇಳಿದರು. ತಾಯಿಮಗಳು ನಕ್ಕರು. ಚಿತ್ರ ಮುಂದುವರಿಯಿತು, ಕಾಯಿಯ ರಾಶಿ ಕರಗಿತು, ಜಾಹೀರಾತು ಬಂತು. ಆತ ಟಿ.ವಿ.ಯ ಕಡೆಗೇ ಮುಖವಿಟ್ಟುಕೊಂಡು, ಯಾರಿಗೋ ವರದಿ ಒಪ್ಪಿಸುವವರಂತೆ ಹೇಳತೊಡಗಿದರು.

ಪ್ರತಿದಿನ ಬೆಳಿಗ್ಗೆ ವಾಹನಗಳು ಹೊರಡುವ ಮೊದಲು ದಾರಿ ಪರೀಕ್ಷಿಸುವ ಕೆಲಸ. ಮುಂದೆ ನಾಲ್ಕು ಜನ ನಡೆಯಬೇಕು. ಕೆದಕಿದ ಮಣ್ಣಿದೆಯೇ, ತಂತಿಯಿದೆಯೇ, ಹುಲ್ಲು ಬಾಡಿದೆಯೇ ನೋಡಬೇಕು. ಅನುಮಾನ ಬಂದಲ್ಲಿ ಮಂಡಿಯೂರಿ ಚೂಪಾದ ಸರಳಿನಿಂದ ಮೆಲ್ಲಗೆ ಚುಚ್ಚಿ ನೋಡಬೇಕು. ಒಂದು ಮೋರಿ ಬಂತು. ಅವರು ಕೆಳಗಿಳಿದು ನೋಡಿದರು. ಏನೂ ಕಾಣಲಿಲ್ಲ. ಮೇಲೆ ಬಂದು ಎಡಗೈಯ ಅಂಗೈ ಎತ್ತಿ ‘ಸರಿಯಿದೆ, ಬಾ’ ಎಂದು ಸನ್ನೆ ಮಾಡಿದರು. ಹಿಂದಿದ್ದ ಹುಡುಗ ತಮಿಳುನಾಡಿನವನು, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು, ಅವರಿಗೆ ಪತ್ರ ಬರೆಯಲು ಇಂಗ್ಲಿಷ್ ವಿಳಾಸ ಬರೆದುಕೊಡುತ್ತಿದ್ದವನು. ಆ ಅಂಗೈಯನ್ನು ನೋಡಿ ನಂಬಿ ಮೋರಿಯ ಮೇಲೆ ಕಾಲಿಟ್ಟ. ಸಿಡಿಗುಂಡನ್ನು ಮೋರಿಯ ಗೋಡೆಯ ಕಲ್ಲಿನ ಹಿಂದೆ ಹುಗಿದು ಮತ್ತೆ ಗಾರೆ ಮಾಡಿದ್ದರು. ಗದ್ದೆಯ ಆಚೆ ಕೂತವನು ತಂತಿಗೆ ವಿದ್ಯುತ್ ಕೊಟ್ಟ.

“ಒಂದ್ಸಲ ನೋಡ್ದೆ. ಇನ್ನೊಂದ್ಸಲ ನೋಡ್ಬೇಕಿತ್ತು” ಎಂದರು ಹವಾಲ್ದಾರರು. ವಿಚಾರಣೆಯಲ್ಲಿ ಅವರ ತಪ್ಪಿಲ್ಲವೆಂದೇ ತೀರ್ಮಾನವಾಗಿತ್ತು. ಹೊಸ ಗಾರೆಗೆ ಹಳೆಯ ಪಾಚಿ ಮೆತ್ತಿದ್ದರು, ಯಾರಿಗೂ ಕಾಣುತ್ತಿರಲಿಲ್ಲ ಎಂದು ಅಧಿಕಾರಿಗಳೇ ಸಮಾಧಾನ ಹೇಳಿದ್ದರು. ಅದನ್ನೂ ಅವರೇ ಹೇಳಿದರು. ಹೇಳಿ, ಎಡಗೈಯನ್ನು ಮಗುಚಿ ಒಮ್ಮೆ ನೋಡಿಕೊಂಡು, ಬುಟ್ಟಿಯಿಂದ ಇನ್ನೊಂದು ಕಾಯಿ ತೆಗೆದುಕೊಂಡರು.

ಪತ್ನಿಗೆ ಹತ್ತೊಂಬತ್ತು ವರ್ಷದ ಬಾಗಿಲ ಚೌಕಟ್ಟು ಅರ್ಥವಾದದ್ದು ಆಗ. ಆಕೆ ಏನೂ ಆಡಲಿಲ್ಲ. ಎದ್ದು ಕಾಫಿಗೆ ಹಾಲಿಟ್ಟರು. ಚಿತ್ರ ಕೊನೆಯವರೆಗೂ ಓಡಿತು. ಮೂವರೂ ಕೂತು ನೋಡಿದರು.

ಇದಾದ ಮಾರನೆಯ ದಿನವೇ ಎಲ್ಲವೂ ಸರಿಹೋಯಿತೆಂದು ಬರೆದರೆ ಅದು ಕಟ್ಟುಕಥೆಯಾದೀತು. ತಿಂಗಳುಗಳ ಮೇಲೆ ಒಂದು ಸೋಮವಾರ ಹವಾಲ್ದಾರರು ತಾವಾಗಿ ಪೂಜೆಗೆ ಕೂತರು. ಕರಡಿಗೆ ತೆರೆದರು. ಲಿಂಗವನ್ನು ಕರಸ್ಥಳಕ್ಕೆ ತಂದುಕೊಂಡಾಗ ಕೈ ನಿಜವಾಗಿಯೂ ನಡುಗಿತು. ಪತ್ನಿ ತಮ್ಮ ಅಂಗೈಯನ್ನು ಆ ಅಂಗೈಯ ಕೆಳಗೆ ಇಟ್ಟರು. ಶಾಸ್ತ್ರಜ್ಞರು ಇದಕ್ಕೆ ಏನೆನ್ನುವರೋ ತಿಳಿಯದು. ಈಗಲೂ ಕೆಲವು ದಿನ ಕೂರುತ್ತಾರೆ, ಕೆಲವು ದಿನ ನಡುವೆಯೇ ಎದ್ದು ಹೋಗುತ್ತಾರೆ. ಉತ್ತ ಹೊಲಕ್ಕೆ ಇನ್ನೂ ಕಾಲಿಟ್ಟಿಲ್ಲ. ಫಿರಂಗಿ ತಾಲೀಮಿನ ದಿನ ಬಂದಾಗ ಮಾತ್ರ ಪತ್ನಿ ನೆಪ ಹುಡುಕುವುದನ್ನು ಬಿಟ್ಟಿದ್ದಾರೆ. “ನಾಳೆ ತೋಪು ಹಾರಿಸ್ತಾರಂತೆ, ಊರಿಗೆ ಹೋಗೋಣ” ಎಂದು ನೇರವಾಗಿ ಹೇಳುತ್ತಾರೆ. “ಆನೆಗಾದ್ರೂ ಮೊದಲೇ ಹೇಳಿ ಹಾರಿಸ್ತಾ ಇದ್ರು, ಈಗ ನನಗೂ ಹೇಳೋರಾದ್ರು” ಎಂದು ಹವಾಲ್ದಾರರು ಒಮ್ಮೆ ನಗೆಯಾಡಿದರಂತೆ.

ಗೆಲುವಿನ ದಿನಾಂಕಗಳನ್ನು ರಾಜ್ಯಗಳು ಕಲ್ಲಿನಲ್ಲಿ ಕೆತ್ತಿಸುತ್ತವೆ. ಮೈಸೂರು ಸಂಸ್ಥಾನದ ಅಶ್ವದಳ ಜೋಧಪುರದ ಅಶ್ವದಳದೊಡನೆ ಹೈಫಾ ನಗರವನ್ನು ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಸವಾರನದು. ಹೊರಟವರ, ಗೆದ್ದವರ, ಮಡಿದವರ ಲೆಕ್ಕ ಸಿಗುತ್ತದೆ. ಮರಳಿ ಬಂದ ಸವಾರರು ತಮ್ಮ ಹಳ್ಳಿಗಳಲ್ಲಿ ಮೊದಲ ಮಳೆಗಾಲವನ್ನು ಹೇಗೆ ಕಳೆದರು, ಗುಡುಗಿಗೆ ಎದ್ದು ಕೂತರೇ, ಯಾರಾದರೂ ಕೇಳಿದರೇ ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಕನ್ನಡದ ಚಿತ್ರಗಳಲ್ಲಿಯೂ ಸಿಪಾಯಿ ಹೆಚ್ಚಾಗಿ ರೈಲು ಹತ್ತುವಾಗ ಕಾಣುತ್ತಾನೆ, ಇಲ್ಲವೇ ತ್ರಿವರ್ಣ ಹೊದ್ದು ಬರುವಾಗ. ನಡುವಿನವನು, ಪಿಂಚಣಿ ಪುಸ್ತಕ ಹಿಡಿದು ಸರತಿಯಲ್ಲಿ ನಿಂತವನು, ಕಥೆಗೆ ಒದಗುವುದಿಲ್ಲ.

ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರುವರಿ 25ರಂದು. ಸ್ವಾತಂತ್ರ್ಯಾನಂತರ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಅಲ್ಲಿನ ಗ್ರಾನೈಟ್ ಫಲಕಗಳಲ್ಲಿ ಕೆತ್ತಲಾಗಿದೆ. ಶ್ರೀಲಂಕಾದಲ್ಲಿ ಮಡಿದವರ ಹೆಸರುಗಳೂ ಇವೆ. ಅದೇ ವರ್ಷ ಹವಾಲ್ದಾರರ ಮಗಳು, ಈಗ ಕಾಲೇಜು ಅಧ್ಯಾಪಕಿ, ವಿಚಾರ ಸಂಕಿರಣವೊಂದಕ್ಕೆ ದೆಹಲಿಗೆ ಹೊರಟಾಗ ತಂದೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಒಂದು ಹೆಸರು, ಒಂದು ಸೇನಾ ಸಂಖ್ಯೆ. ಸಂಖ್ಯೆಯನ್ನು ಯಾವ ಕಡತದಿಂದಲೂ ನಕಲು ಮಾಡಿರಲಿಲ್ಲ, ನೆನಪಿನಿಂದ ಬರೆದದ್ದು.

ಸಂಕಿರಣದ ಎರಡನೆಯ ದಿನ ಸಂಜೆ ಆಕೆ ಸ್ಮಾರಕಕ್ಕೆ ಹೋದಳು. ವೃತ್ತಾಕಾರದ ಗೋಡೆಗಳ ನಡುವೆ ಬಹಳ ಹೊತ್ತು ಹುಡುಕಬೇಕಾಯಿತು. ಸಿಕ್ಕ ಮೇಲೆ ಮೈಸೂರಿಗೆ ಫೋನ್ ಮಾಡಿದಳು.

“ಇದೆ, ಅಪ್ಪಾಜಿ.”

“ಅಕ್ಷರ ಸರಿಯಾಗಿ ಬರೆದಿದ್ದಾರಾ? ಓದು.”

ಆಕೆ ಇಂಗ್ಲಿಷಿನ ಒಂದೊಂದೇ ಅಕ್ಷರವನ್ನು ಬಿಡಿಸಿ ಓದಿದಳು.

“ಇನ್ನೊಂದ್ಸಲ ನೋಡು ಮಗಾ.”

ಆಕೆ ಮತ್ತೆ ಓದಿದಳು. ಫೋನಿನ ಆ ಕಡೆ ಪೆನ್ನಿನ ಸದ್ದು. ಆತ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರಗಳನ್ನು ಬರೆದುಕೊಳ್ಳುತ್ತಿದ್ದರು. ಮೂರನೆಯ ಸಲವೂ ಓದಿಸಿದರು.

“ಸರಿಯಿದೆ” ಎಂದರು. “ಕತ್ತಲಾಗ್ತಾ ಬಂತು, ಹುಷಾರಾಗಿ ರೂಮಿಗೆ ಹೋಗು.”